ಒಂಬತ್ತು ಪಾಲಿನ ಮನೆ: ದೇವರ ಆಜ್ಞೆ, ಅಣ್ಣತಮ್ಮಂದಿರ ಸಿಟ್ಟು ಮತ್ತು ಸಭೆಯ ಉತ್ತರ

ಗದಗ ಜಿಲ್ಲೆಯ ಪ್ರೊಟೆಸ್ಟಂಟ್ ಸಭೆಯೊಂದಕ್ಕೆ ಸೇರಿದ ಕುಟುಂಬದಲ್ಲಿ, ಬೆಟಗೇರಿಯ ಮೂರು ಕೋಣೆಯ ಮನೆಯ ಸಲುವಾಗಿ ಅಣ್ಣತಮ್ಮಂದಿರ ನಡುವೆ ಜಗಳ ಹುಟ್ಟಿತು. ಅದಕ್ಕೆ ಸಭೆ ಮೊದಲು ಕೊಟ್ಟ ಉತ್ತರ ಏಕೆ ನಿಲ್ಲಲಿಲ್ಲ, ಎರಡನೆಯ ಸಲ ಏನು ಮಾಡಿದ್ದರಿಂದ ಅರ್ಧ ದಾರಿಯಾದರೂ ಸವೆಯಿತು ಎಂಬುದು ಈ ಬರಹದ ವಿಷಯ. ಯಾರ ಗುರುತೂ ಸಿಗಬಾರದೆಂದು, ಇಂಥದೇ ತಕರಾರು ಕಂಡ ಒಂದಕ್ಕಿಂತ ಹೆಚ್ಚು ಮನೆಗಳ ವಿವರಗಳನ್ನು ಕೂಡಿಸಿ ಒಂದೇ ಪ್ರಕರಣವಾಗಿ ಬರೆದಿದ್ದೇನೆ ಮತ್ತು ಹೆಸರುಗಳನ್ನು ಕೈಬಿಟ್ಟಿದ್ದೇನೆ. ಕಾನೂನಿನ ಮತ್ತು ಸತ್ಯವೇದದ (ಬೈಬಲಿನ) ಸಂಗತಿಗಳನ್ನು ಮಾತ್ರ ಇದ್ದದ್ದು ಇದ್ದಂತೆ ಇಟ್ಟಿದ್ದೇನೆ.

ಈ ಭಾಗದ ಕ್ರೈಸ್ತರಿಗೆ ಸ್ವಂತ ಮನೆ ಎಂಬುದು ಏನಾಗಿತ್ತು ಎಂದು ತಿಳಿಯದೆ ಜಗಳದ ಕಾವು ಅರ್ಥವಾಗುವುದಿಲ್ಲ. 1815ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೂ, 1839ರಲ್ಲಿ ಹುಬ್ಬಳ್ಳಿಗೂ, 1841ರಲ್ಲಿ ಬೆಟಗೇರಿಗೂ ಬಂದರು. ಕ್ರೈಸ್ತರಾದವರು ಎಷ್ಟೋ ಸಲ ತಮ್ಮ ಮನೆತನದಿಂದ ಹೊರಗೆ ಬೀಳುತ್ತಿದ್ದರು. ಧರ್ಮ ಬದಲಿಸಿದ ಮಾತ್ರಕ್ಕೆ ಆಸ್ತಿಯ ಹಕ್ಕು ಹೋಗಬಾರದೆಂದು 1850ರಲ್ಲಿಯೇ ಕಾಯ್ದೆಯಾಗಿದ್ದರೂ, ಊರ ಹಿರಿಯರ ಎದುರಿಗೆ ನಿಂತು ಆ ಹಕ್ಕನ್ನು ಕೇಳಿ ಪಡೆಯುವುದು ಸುಲಭವಾಗಿರಲಿಲ್ಲ. ಹೀಗಾಗಿ ಮಿಷನ್ ಕಂಪೌಂಡಿನ ಆಸರೆಯಲ್ಲಿ ಬೆಳೆದ ಅನೇಕ ಕುಟುಂಬಗಳಲ್ಲಿ ತಮ್ಮದೇ ಹೆಸರಿನ ನಾಲ್ಕು ಗೋಡೆ ಎದ್ದದ್ದು ಎರಡು ಮೂರು ತಲೆಮಾರು ಕಳೆದ ಮೇಲೆ. ನಮ್ಮ ಪ್ರಕರಣದ ತಂದೆ ಶಾಲಾ ಮಾಸ್ತರರಾಗಿದ್ದು, ನಿವೃತ್ತಿಯ ಹಣವನ್ನೆಲ್ಲ ಸುರಿದು ಈ ಮನೆ ಕಟ್ಟಿಸಿದರು. ಮೃತ್ಯುಪತ್ರ ಬರೆಯದೆ ತೀರಿಕೊಂಡರು.

ಹಿರಿಯ ಮಗ ಹುಬ್ಬಳ್ಳಿಯಲ್ಲಿ ರೈಲ್ವೆ ನೌಕರರಾಗಿ ಅಲ್ಲಿಯೇ ಸಂಸಾರ ಹೂಡಿದರು. ನಡುವಿನ ಮಗಳು ನರ್ಸ್. ಆಕೆಯನ್ನು ರಾಣೆಬೆನ್ನೂರಿಗೆ ಕೊಟ್ಟಿತ್ತು. ಕಿರಿಯ ಮಗ ಬೆಟಗೇರಿಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡು ತಾಯಿಯ ಜೊತೆಗೆ ಉಳಿದರು. ತಾಯಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದ ಐದು ವರ್ಷ ಆಕೆಯನ್ನು ಎತ್ತಿ ಇಳಿಸಿ ಮಾಡಿದವರು ಕಿರಿಯ ಮಗ ಮತ್ತು, ಅವರಿಗಿಂತ ಹೆಚ್ಚಾಗಿ, ಅವರ ಹೆಂಡತಿ. ತೀರಿಕೊಳ್ಳುವ ಹಿಂದಿನ ವರ್ಷ ತಾಯಿ, ಮನೆಯನ್ನು ಕಿರಿಯ ಮಗನಿಗೆ ಬಕ್ಷೀಸಾಗಿ ಕೊಟ್ಟಿದ್ದೇನೆ ಎಂದು ಬರೆಸಿದ ಬಾಂಡ್ ಪೇಪರಿನ ಮೇಲೆ ಹೆಬ್ಬೆಟ್ಟು ಒತ್ತಿದರು. ಅದಕ್ಕೆ ಇದ್ದದ್ದು ಒಬ್ಬನೇ ಸಾಕ್ಷಿದಾರ. ನೋಂದಣಿ ಆಗಲಿಲ್ಲ. ತಾಯಿಯ ಮಣ್ಣಾದ ಮೇಲೆ ಕಿರಿಯವರು, ಉಳಿದವರ ತಕರಾರು ಏನೂ ಇಲ್ಲವೆಂದು ಪ್ರಮಾಣಪತ್ರ ಸಲ್ಲಿಸಿ, ಮನೆಯ ಉತಾರದಲ್ಲಿ, ಅಂದರೆ ಆಸ್ತಿಯ ಸರಕಾರಿ ದಾಖಲೆಯಲ್ಲಿ, ತಮ್ಮೊಬ್ಬರ ಹೆಸರು ಹಚ್ಚಿಸಿಕೊಂಡರು. ಅಣ್ಣನನ್ನಾಗಲಿ ಅಕ್ಕನನ್ನಾಗಲಿ ಕೇಳಿರಲಿಲ್ಲ.

ಅಣ್ಣನಿಗೆ ಈ ಸುದ್ದಿ ತಿಳಿದದ್ದು ಎಂಟು ತಿಂಗಳ ಬಳಿಕ, ಅದೂ ಮೂರನೆಯವರ ಬಾಯಿಂದ. ಮುಂದಿನ ರವಿವಾರ ಅವರು ಹುಬ್ಬಳ್ಳಿಯಿಂದ ಬಂದು, ಆರಾಧನೆ ಮುಗಿದು ಮಂದಿ ಹೊರಗೆ ನಿಂತಿದ್ದಾಗ, ಎಲ್ಲರ ಎದುರಿಗೆ ತಮ್ಮನನ್ನು ಕಳ್ಳನೆಂದು ಕರೆದು ಎದೆಗೆ ಕೈಹಚ್ಚಿ ನೂಕಿದರು. ತಮ್ಮ ಹೇಳಿದ ಮಾತು ಅಲ್ಲಿದ್ದವರಿಗೆಲ್ಲ ನೆನಪಿದೆ: "ಅವ್ವನ ಹಾಸಿಗಿ ಬಳದಾಂವ ನಾನು. ನೀ ಹಬ್ಬಕ್ಕ ಬಂದು ಹೋಳಿಗಿ ಉಂಡು ಹೋದಾಂವ. ಯಾರೋ ಕಳ್ಳ?"

ಆಜ್ಞೆಗಳ ಹಂಚಿಕೆ

ಮುಂದಿನ ವಾರಗಳಲ್ಲಿ ಇಬ್ಬರೂ ಸಭಾಪಾಲಕರ ಬಳಿಗೆ ಬೇರೆ ಬೇರೆಯಾಗಿ ಬಂದರು ಮತ್ತು ಇಬ್ಬರೂ ಧರ್ಮಶಾಸ್ತ್ರದ, ಅಂದರೆ ಮೋಶೆಯ ಮೂಲಕ ಬಂದ ದೇವರ ಆಜ್ಞೆಗಳ, ಮಾತನ್ನೇ ಹಿಡಿದು ಬಂದರು. ಈ ಪ್ರಕರಣದಲ್ಲಿ ನನಗೆ ಬಹಳ ಮುಖ್ಯವೆನಿಸಿದ ಸಂಗತಿ ಇದು. ಅಣ್ಣನ ಬಾಯಲ್ಲಿ ಎಂಟನೆಯ ಆಜ್ಞೆ, "ಕದಿಯಬಾರದು"; ಅದರ ಬೆನ್ನಿಗೆ ಸುಳ್ಳುಸಾಕ್ಷಿಯ ಒಂಬತ್ತನೆಯ ಆಜ್ಞೆ. ತಮ್ಮನ ಬಾಯಲ್ಲಿ ತಂದೆತಾಯಿಗಳನ್ನು ಸನ್ಮಾನಿಸಬೇಕೆಂಬ ಐದನೆಯ ಆಜ್ಞೆ; ಅದರ ಜೊತೆಗೆ, ಸಹೋದರನ ಮೇಲೆ ಸಿಟ್ಟುಮಾಡುವವನು ನರಹತ್ಯೆ ಮಾಡಿದವನಂತೆ ನ್ಯಾಯವಿಚಾರಣೆಗೆ ಗುರಿಯಾಗುವನೆಂದು ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಯೇಸು ಹೇಳಿದ ಮಾತು. ಹತ್ತು ಆಜ್ಞೆಗಳನ್ನೂ ಆಸ್ತಿಯಂತೆಯೇ ಪಾಲು ಮಾಡಿಕೊಂಡಿದ್ದರು. ತಾನು ಪಾಲಿಸಿದ್ದನ್ನು ಪ್ರತಿಯೊಬ್ಬರೂ ತಮ್ಮ ಕಡೆಗೆ ಇಟ್ಟುಕೊಂಡು, ಇನ್ನೊಬ್ಬರು ಮೀರಿದ್ದನ್ನು ಅವರ ತಲೆಗೆ ಕಟ್ಟಿದ್ದರು.

ಹಾಗೆಂದು ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ತಮ್ಮ ಸುಳ್ಳು ಪ್ರಮಾಣಪತ್ರ ಕೊಟ್ಟದ್ದು ನಿಜ. ಅಣ್ಣ ತಾಯಿಯ ಸೇವೆಗೆ ಬಾರದಿದ್ದದ್ದು ನಿಜ. ಸಭೆಯ ಅಂಗಳದಲ್ಲಿ ಒಡಹುಟ್ಟಿದವನನ್ನು ನೂಕಿದ್ದೂ ನಿಜ. ಆಜ್ಞೆಗೆ ಮೂರು ಕೆಲಸಗಳಿವೆ ಎಂದು ಹದಿನಾರನೆಯ ಶತಮಾನದ ಸುಧಾರಕರಾದ ಮೆಲಾಂಕ್ಥನ್ ಮತ್ತು ಕಾಲ್ವಿನ್‌ರ ಕಾಲದಿಂದ ಪ್ರೊಟೆಸ್ಟಂಟ್ ಬೋಧಕರು ಕಲಿಸುತ್ತ ಬಂದಿದ್ದಾರೆ: ಸಮಾಜದಲ್ಲಿ ಕೆಟ್ಟದ್ದಕ್ಕೆ ಕಡಿವಾಣ ಹಾಕುವುದು, ಮನುಷ್ಯನಿಗೆ ಅವನ ಪಾಪವನ್ನು ತೋರಿಸಿ ಕ್ರಿಸ್ತನ ಕಡೆಗೆ ಅಟ್ಟುವುದು, ನಂಬಿದವನಿಗೆ ನಡೆಯುವ ದಾರಿಯನ್ನು ತಿಳಿಸುವುದು. ಆಜ್ಞೆ ಇಲ್ಲದಿದ್ದರೆ ಪಾಪವೆಂದರೇನೆಂದು ತನಗೆ ತಿಳಿಯುತ್ತಿರಲಿಲ್ಲ ಎಂದು ಅಪೊಸ್ತಲನಾದ ಪೌಲನು ರೋಮಾಪುರದವರಿಗೆ ಬರೆದಾಗ ಅವನು ಹೇಳಿದ್ದು ತನ್ನ ಪಾಪದ ವಿಷಯ. ಎದುರಿನವನ ಪಾಪವನ್ನು ಅಳೆಯುವುದಕ್ಕೆ ಮಾತ್ರ ಆಜ್ಞೆಯನ್ನು ಎತ್ತಿಕೊಂಡರೆ ಆ ಮೂರು ಕೆಲಸಗಳಲ್ಲಿ ಎರಡನೆಯದು ನಡೆಯುವುದೇ ಇಲ್ಲ. ಸಿಟ್ಟಿನಲ್ಲಿದ್ದ ಈ ಇಬ್ಬರಿಗೂ ಧರ್ಮಶಾಸ್ತ್ರ ಕಂಠಪಾಠವಿತ್ತು. ಅದು ಒಬ್ಬರಿಗೂ ತಾಕಿರಲಿಲ್ಲ.

ಮೊದಲ ಉತ್ತರ

ಸಭಾಪಾಲಕರು ಇಬ್ಬರನ್ನೂ ಪ್ರೀತಿಸುತ್ತಿದ್ದವರು. ಯೇಸುವಿನ ಕಡೆಯ ಊಟವನ್ನು ನೆನೆದು ಸಭೆ ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಹಂಚಿಕೊಳ್ಳುವ ಕರ್ತನ ಭೋಜನದ ರವಿವಾರ ಹತ್ತಿರವಾಗಿತ್ತು. ಅವರು ಎಫೆಸದವರಿಗೆ ಬರೆದ ಪತ್ರಿಕೆಯ ನಾಲ್ಕನೆಯ ಅಧ್ಯಾಯದಿಂದ, ಸಿಟ್ಟುಮಾಡಬೇಕಾದರೂ ಪಾಪಮಾಡಬಾರದು, ಸೂರ್ಯ ಮುಳುಗುವ ತನಕ ಸಿಟ್ಟು ಇರಬಾರದು ಎಂಬ ವಚನದ ಮೇಲೆ ಪ್ರಸಂಗ ಮಾಡಿದರು. ಆಮೇಲೆ ಅಣ್ಣತಮ್ಮಂದಿರನ್ನು ಕರೆದು ಕೈಕುಲುಕಿಸಿ ಪ್ರಾರ್ಥನೆ ಮಾಡಿದರು. ಇಬ್ಬರೂ ರೊಟ್ಟಿ ಮತ್ತು ಪಾತ್ರೆಯಲ್ಲಿ ಪಾಲುಗೊಂಡರು. ಹದಿನೈದು ದಿನ ಕಳೆಯುವಷ್ಟರಲ್ಲಿ ಅಣ್ಣನ ವಕೀಲರಿಂದ ತಮ್ಮನಿಗೆ ನೋಟಿಸು ಬಂತು: ಮನೆಯಲ್ಲಿ ಅರ್ಧ ಪಾಲು ಬಿಟ್ಟುಕೊಡಬೇಕು, ಇಲ್ಲವಾದರೆ ದಾವೆ.

ಸಭೆಯಲ್ಲಿ ಹಲವರು ಇದನ್ನು ಅಣ್ಣನ ಕಪಟವೆಂದು ತಿಳಿದರು. ನಾನು ಹಾಗೆ ತಿಳಿಯುವುದಿಲ್ಲ. ಆ ದಿನ ಅವರು ಕೈ ಕೊಟ್ಟದ್ದು ಮನಸ್ಸಿನಿಂದಲೇ ಇದ್ದೀತು. ಆದರೆ ಯಾವುದನ್ನು ಕ್ಷಮಿಸಬೇಕು ಎಂಬ ಪ್ರಶ್ನೆಯನ್ನು ಯಾರೂ ಎತ್ತಿರಲಿಲ್ಲ. ಪ್ರಸಂಗಕ್ಕೆ ಆರಿಸಿಕೊಂಡ ವಚನವನ್ನೇ ನೋಡಿ. ಅದರ ಹಿಂದಿನ ವಚನ, ಸುಳ್ಳನ್ನು ಬಿಟ್ಟುಬಿಟ್ಟು ಪ್ರತಿಯೊಬ್ಬನೂ ತನ್ನ ನೆರೆಯವನ ಸಂಗಡ ನಿಜವನ್ನೇ ಆಡಲಿ ಎನ್ನುತ್ತದೆ. ಎರಡು ವಚನ ಮುಂದಕ್ಕೆ ಹೋದರೆ, ಕಳವು ಮಾಡುವವನು ಇನ್ನು ಮೇಲೆ ಕಳವು ಮಾಡದೆ, ಕೊರತೆಯಲ್ಲಿರುವವರಿಗೆ ಕೊಡುವುದಕ್ಕಾಗಿ ಕೈಯಾರೆ ದುಡಿಯಲಿ ಎಂಬ ಮಾತಿದೆ. ಸಿಟ್ಟನ್ನು ಬಿಡಬೇಕೆಂಬ ಅಪ್ಪಣೆ ಹೀಗೆ ಸತ್ಯ ಮತ್ತು ಕಳವಿನ ಮಾತುಗಳ ನಡುವೆ ಕುಳಿತಿದೆ. ಆಚೀಚೆಯ ಎರಡನ್ನೂ ಬಿಟ್ಟು ನಡುವಿನದೊಂದನ್ನೇ ಓದಿದಾಗ, ಸಿಟ್ಟಿಗೆ ಸಂಜೆಯ ಗಡುವು ಬೀಳುತ್ತದೆ. ಸುಳ್ಳು ಪ್ರಮಾಣಪತ್ರಕ್ಕೆ ಯಾವ ಗಡುವೂ ಇರುವುದಿಲ್ಲ.

ಮತ್ತಾಯನ ಸುವಾರ್ತೆಯ ಮಾತಿಗೂ ಹೀಗೆಯೇ ಆಯಿತು. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನ ಸಂಗಡ ಒಂದಾಗು ಎಂಬ ಮಾತನ್ನು ನಮ್ಮ ಸಭೆಗಳಲ್ಲಿ ಹೆಚ್ಚಾಗಿ ಹೇಳುವುದು ಸಿಟ್ಟಾದವನಿಗೆ. ಆದರೆ ಯೇಸು ಅಲ್ಲಿ ಹೇಳುವುದು, ನಿನ್ನ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ವಿರೋಧವಿದೆ ಎಂದು ನೆನಪಾದರೆ ಎಂದು. ಎದ್ದು ಹೋಗಬೇಕಾದವನು ನೋಯಿಸಿದವನು. ಉತಾರದ ವಿಷಯದಲ್ಲಿ ಮೊದಲ ಹೆಜ್ಜೆ ಇಡಬೇಕಾದವರು ತಮ್ಮ. ಅಂಗಳದಲ್ಲಿ ನೂಕಿದ ವಿಷಯದಲ್ಲಿ ಅಣ್ಣ. ಆ ಹೆಜ್ಜೆಗಳನ್ನು ಇಬ್ಬರೂ ಇಡದೆ, ಬರಿಯ ಸಿಟ್ಟನ್ನು ಸಭಾಪಾಲಕರ ಕೈಗೆ ಒಪ್ಪಿಸಿ ಮೇಜಿಗೆ ಬಂದರು.

ಸಿಟ್ಟೆಲ್ಲ ಪಾಪವೆಂಬ ತಿಳುವಳಿಕೆ ನಮ್ಮಲ್ಲಿ ಆಳವಾಗಿದೆ. ಮನುಷ್ಯನ ಕೋಪವು ದೇವರಿಗೆ ಮೆಚ್ಚಿಕೆಯಾದ ನೀತಿಯನ್ನು ಹುಟ್ಟಿಸುವುದಿಲ್ಲ ಎಂಬ ಯಾಕೋಬನ ಮಾತು ಅದಕ್ಕೆ ಆಧಾರವಾಗಿ ನಿಂತಿದೆ. ಪ್ರೊಟೆಸ್ಟಂಟರ ಬೋಧನೆಯ ಪುಸ್ತಕವಾದ 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರವೂ ಹೊಟ್ಟೆಕಿಚ್ಚು, ದ್ವೇಷ ಮತ್ತು ಸಿಟ್ಟನ್ನು ನರಹತ್ಯೆಯ ಬೇರುಗಳೆಂದೇ ಎಣಿಸುತ್ತದೆ. ಆದರೆ ಕೈ ಬತ್ತಿದವನನ್ನು ಸಬ್ಬತ್ ಎಂಬ ವಿಶ್ರಾಂತಿಯ ದಿನದಲ್ಲಿ ವಾಸಿಮಾಡಬಹುದೇ ಎಂದು ಕೇಳಿದಾಗ ಸುಮ್ಮನೆ ಕುಳಿತವರನ್ನು ಯೇಸು ಕೋಪದಿಂದ ನೋಡಿದನೆಂದು ಮಾರ್ಕನು ಬರೆಯುತ್ತಾನೆ. ಅದೇ ವಾಕ್ಯದಲ್ಲಿ, ಅವರ ಹೃದಯ ಕಲ್ಲಾದದ್ದಕ್ಕೆ ದುಃಖಪಟ್ಟನೆಂದೂ ಬರೆಯುತ್ತಾನೆ. ಕೋಪ ಮತ್ತು ದುಃಖ ಒಂದೇ ನೋಟದಲ್ಲಿ ಕೂಡಿ ಬರುವುದು ಮನುಷ್ಯರಲ್ಲಿ ಅಪರೂಪ. ಅಣ್ಣನಲ್ಲಿ ಅದು ಇರಲಿಲ್ಲ. ಆದರೂ ಅವರ ಸಿಟ್ಟಿನೊಳಗೆ ಒಂದು ನಿಜವಾದ ದೂರು ಇತ್ತು. ಸಿಟ್ಟನ್ನು ಪಾಪದ ಲೆಕ್ಕಕ್ಕೆ ಹಚ್ಚಿ ಕಡತ ಮುಚ್ಚಿದಾಗ ಆ ದೂರೂ ಕಡತದೊಳಗೇ ಉಳಿಯಿತು, ವಕೀಲರ ಕಚೇರಿಯಲ್ಲಿ ಹೊರಗೆ ಬಂತು.

ಕಾಗದಪತ್ರಗಳ ಸಭೆ

ನೋಟಿಸು ಬಂದ ಮೇಲೆ ಸಭಾಪಾಲಕರು ಮತ್ತೆ ಪ್ರಸಂಗಕ್ಕೆ ಹೋಗದೆ ಸಭಾ ಕಮಿಟಿಯಿಂದ ನಾಲ್ವರನ್ನು ಕರೆದರು. ನಾನೂ ಅವರಲ್ಲಿ ಒಬ್ಬ. ನ್ಯಾಯಾಲಯದಲ್ಲಿ ಗುಮಾಸ್ತರಾಗಿ ನಿವೃತ್ತರಾದ ಹಿರಿಯರೊಬ್ಬರೂ ಇದ್ದರು. ಆ ದಿನ ನಡೆದದ್ದರಲ್ಲಿ ಉಪಯೋಗಕ್ಕೆ ಬಂದದ್ದು ಹೆಚ್ಚಿನ ಪಾಲು ಅವರದೇ. ಆಸ್ತಿಯ ವಿಷಯದಲ್ಲಿ ಸಭೆ ಕೈಹಾಕಬಾರದೆಂದು ಒಬ್ಬರು ತಕರಾರು ತೆಗೆದರು. ಆಸ್ತಿ ಪಾಲು ಮಾಡಿಕೊಡಲು ಹೇಳು ಎಂದು ಒಬ್ಬನು ಕೇಳಿದಾಗ, ನಿಮ್ಮ ಮೇಲೆ ನನ್ನನ್ನು ನ್ಯಾಯಾಧಿಪತಿಯಾಗಿ ಯಾರು ನೇಮಿಸಿದರು ಎಂದು ಯೇಸುವೇ ಹಿಂದೆ ಸರಿದ ಪ್ರಸಂಗ ಲೂಕನ ಸುವಾರ್ತೆಯಲ್ಲಿದೆ. ಇನ್ನೊಬ್ಬರು ಅದಕ್ಕೆ ಎದುರಾಗಿ, ಸಹೋದರನು ಸಹೋದರನ ಮೇಲೆ ಅವಿಶ್ವಾಸಿಗಳ ಮುಂದೆ ವ್ಯಾಜ್ಯವಾಡುವುದನ್ನು ಪೌಲನು ಕೊರಿಂಥದವರಲ್ಲಿ ಖಂಡಿಸಿದ್ದನ್ನು ಎತ್ತಿದರು. ಕಡೆಗೆ, ಪಾಲು ಹಂಚುವ ಅಧಿಕಾರ ನಮಗಿಲ್ಲ, ಆದರೆ ಯಾರ ಪಾಲು ಎಷ್ಟೆಂದು ನೆಲದ ಕಾನೂನು ಹೇಳುವುದನ್ನು ಇಬ್ಬರಿಗೂ ಒಟ್ಟಿಗೆ ಓದಿ ಹೇಳಬಹುದು ಎಂದು ಒಪ್ಪಿದೆವು.

ನಿವೃತ್ತ ಗುಮಾಸ್ತರು ಓದಿ ಹೇಳಿದರು. ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಮೃತ್ಯುಪತ್ರವಿಲ್ಲದೆ ಗಂಡ ತೀರಿಕೊಂಡು ಮಕ್ಕಳಿದ್ದರೆ ಹೆಂಡತಿಗೆ ಮೂರರಲ್ಲಿ ಒಂದು ಪಾಲು. ಉಳಿದ ಮೂರರಲ್ಲಿ ಎರಡು ಪಾಲು ಮಕ್ಕಳಿಗೆ ಸಮಸಮ, ಗಂಡು ಹೆಣ್ಣೆಂಬ ಭೇದವಿಲ್ಲ. ಮನೆಯನ್ನು ಒಂಬತ್ತು ಪಾಲೆಂದು ಹಿಡಿದರೆ ತಂದೆ ತೀರಿಕೊಂಡ ದಿನವೇ ತಾಯಿಗೆ ಮೂರು ಪಾಲು, ಮೂವರು ಮಕ್ಕಳಿಗೆ ತಲಾ ಎರಡೆರಡು ಪಾಲು ಆಗಿದ್ದವು. ತಾಯಿ ಕೊಡಬಹುದಾಗಿದ್ದದ್ದು ತನ್ನ ಮೂರು ಪಾಲನ್ನು ಮಾತ್ರ. ಸ್ಥಿರಾಸ್ತಿಯ ಬಕ್ಷೀಸ್ ಪತ್ರಕ್ಕೆ ಕನಿಷ್ಠ ಇಬ್ಬರು ಸಾಕ್ಷಿಗಳೂ ನೋಂದಣಿಯೂ ಬೇಕಾದ್ದರಿಂದ ಆ ಬಾಂಡ್ ಪೇಪರು ಕಾನೂನಿನಲ್ಲಿ ಅದನ್ನೂ ಕೊಟ್ಟಿರಲಿಲ್ಲ. ಉತಾರದಲ್ಲಿ ಹೆಸರು ಬಂದ ಮಾತ್ರಕ್ಕೆ ಮಾಲಕಿ ಹಕ್ಕು ಹುಟ್ಟುವುದಿಲ್ಲ. ಹೀಗೆ ತಾಯಿಯ ಕಾಗದವನ್ನು ಬದಿಗಿಟ್ಟರೆ ಮೂವರಿಗೂ ಮೂರು ಮೂರು ಪಾಲು. ತಾಯಿಯ ಇಚ್ಛೆಯನ್ನು ಮಕ್ಕಳು ತಾವಾಗಿ ಮನ್ನಿಸಿದರೆ ಕಿರಿಯವರಿಗೆ ಐದು, ಉಳಿದಿಬ್ಬರಿಗೆ ಎರಡೆರಡು.

ಮೂವರಿಗೆ ಎಂದಾಗ ಇಬ್ಬರೂ ತಲೆಯೆತ್ತಿದರು. ಅಣ್ಣನ ನೋಟಿಸಿನಲ್ಲಿ ಕೇಳಿದ್ದು ಅರ್ಧ ಮನೆ. ಅಂದರೆ ತಂಗಿಯ ಪಾಲನ್ನು ಅವರ ಲೆಕ್ಕವೂ ನುಂಗಿತ್ತು. ಕಳ್ಳ ಎಂದು ಕೂಗಿದವರ ಕಾಗದದಲ್ಲಿ, ಕೂಗಿಸಿಕೊಂಡವರ ಕಾಗದದಲ್ಲಿ ಇದ್ದ ತಪ್ಪೇ ಇತ್ತು. ಕೊಟ್ಟ ಹೆಣ್ಣುಮಗಳು, ಮದುವೆಯಲ್ಲಿ ಬಂಗಾರ ಹಾಕಿದೆ ಎಂದು ಇಬ್ಬರೂ ಒಂದೇ ಉಸಿರಿನಲ್ಲಿ ಹೇಳಿದರು; ಜಗಳ ಶುರುವಾದಾಗಿನಿಂದ ಇಬ್ಬರೂ ಒಪ್ಪಿದ ಮೊದಲ ಮಾತು ಅದೇ ಇರಬೇಕು. ಆಮೇಲೆ ಅಣ್ಣ ಸೇರಿಸಿದರು: "ಆಕೀಗೆ ಏನೂ ಸಿಟ್ಟಿಲ್ಲ ಬಿಡ್ರಿ."

ಈ ಪ್ರಕರಣವನ್ನು ಬರೆಯಬೇಕೆಂದು ನನಗೆ ಅನ್ನಿಸಿದ್ದು ಆ ಒಂದು ಮಾತಿಗೆ. ಸಿಟ್ಟಾದವರ ದೂರನ್ನು ಹೇಗೆ ತೀರಿಸಬೇಕೆಂದು ಸಭೆ ತಿಂಗಳುಗಟ್ಟಲೆ ಯೋಚಿಸಿತು. ಸಿಟ್ಟೇ ಮಾಡದವಳಿಗೆ ಅನ್ಯಾಯವಾಗಿರಬಹುದೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಬದಲಾಗಿ ಆಕೆಯ ಸುಮ್ಮನಿರುವಿಕೆಯನ್ನು ಕ್ರೈಸ್ತ ತಾಳ್ಮೆಯೆಂದು ಹೊಗಳಿದವರೂ ಇದ್ದರು. ಸಿಟ್ಟು ಇದೆಯೋ ಇಲ್ಲವೋ ಎಂಬುದನ್ನೇ ಪಾಪದ ಅಳತೆಗೋಲು ಮಾಡಿಕೊಂಡಾಗ ಹೀಗಾಗುತ್ತದೆ. ಆಜ್ಞೆ ಅಳೆಯುವುದು ಬೇರೆಯದನ್ನು: ನೆರೆಯವನದು ಅವನ ಕೈಯಲ್ಲಿದೆಯೋ ನಿನ್ನ ಕೈಯಲ್ಲಿದೆಯೋ ಎಂಬುದನ್ನು. ಕೇಳುವವರು ಇಲ್ಲದಿದ್ದರೂ ಕಳವು ಕಳವೇ.

ಇಲ್ಲಿ ಒಂದು ಮಾತನ್ನು ಬಿಡದೆ ಹೇಳಬೇಕು. ಹೆಣ್ಣುಮಕ್ಕಳ ಪಾಲಿನ ಮಾತು ಬಂದಾಗ ಚಲ್ಪಹಾದನ ಐವರು ಹೆಣ್ಣುಮಕ್ಕಳನ್ನು ಉದಾಹರಿಸುವ ರೂಢಿಯಿದೆ. ಆದರೆ ಸತ್ಯವೇದದ ಅರಣ್ಯಕಾಂಡದಲ್ಲಿ ಅವರಿಗೆ ಸ್ವಾಸ್ತ್ಯ ಸಿಕ್ಕದ್ದು ಗಂಡುಮಕ್ಕಳಿಲ್ಲದ ತಂದೆಯ ಮಕ್ಕಳೆಂಬ ಕಾರಣಕ್ಕೆ. ಅಣ್ಣತಮ್ಮಂದಿರಿದ್ದಾಗ ಅವರೊಂದಿಗೆ ಸಮಪಾಲು ಎಂಬ ನಿಯಮ ಮೋಶೆಯ ಧರ್ಮಶಾಸ್ತ್ರದಲ್ಲಿಲ್ಲ. ಕ್ರೈಸ್ತರು ಮೋಶೆಯ ಕಾಲದ ರಾಜ್ಯನಿಯಮಗಳಿಗೆ ಬದ್ಧರಲ್ಲ, ನೀತಿಯ ಆಜ್ಞೆಗಳಿಗೆ ಬದ್ಧರು. ಈ ನೆಲದಲ್ಲಿ ಯಾವುದು ಯಾರದೆಂದು ನಿರ್ಣಯಿಸುವುದು ಈ ನೆಲದ ಕಾನೂನು, ಅದನ್ನು ಕದಿಯಬಾರದೆಂದು ಹೇಳುವುದು ಎಂಟನೆಯ ಆಜ್ಞೆ. ಕೇರಳದ ತಿರುವಾಂಕೂರು ಭಾಗದ ಕ್ರೈಸ್ತ ಹೆಣ್ಣುಮಕ್ಕಳು ಸಮಪಾಲಿಗಾಗಿ ಮೇರಿ ರಾಯ್ ಪ್ರಕರಣದಲ್ಲಿ 1986ರ ಸುಪ್ರೀಂ ಕೋರ್ಟ್ ತೀರ್ಪಿನ ತನಕ ಕಾಯಬೇಕಾಯಿತು, ಏಕೆಂದರೆ ಅಲ್ಲಿ 1916ರ ಬೇರೆಯೇ ಒಂದು ಕಾಯ್ದೆ ಅಡ್ಡ ನಿಂತಿತ್ತು. ನಮ್ಮ ಜಿಲ್ಲೆಗಳಲ್ಲಿ ಅಂಥ ಯಾವ ಅಡ್ಡಿಯೂ ಇರಲಿಲ್ಲ. ಅಡ್ಡ ಬಂದದ್ದು ನಮ್ಮ ರೂಢಿ.

ಸಭಾಪಾಲಕರು ಆ ಹೊತ್ತಿಗೆ ಸತ್ಯವೇದದ ಎರಡನೆಯ ಸಮುವೇಲದಿಂದ, ಇನ್ನೊಬ್ಬನ ಹೆಂಡತಿಯನ್ನು ತೆಗೆದುಕೊಂಡಿದ್ದ ದಾವೀದ ಅರಸನಿಗೆ ಪ್ರವಾದಿ ನಾತಾನನು ಹೇಳಿದ ಕಥೆಯನ್ನು ಓದಿದರು. ಬಡವನ ಒಂದೇ ಕುರಿಮರಿಯನ್ನು ಕಿತ್ತುಕೊಂಡ ಐಶ್ವರ್ಯವಂತನ ಮೇಲೆ ದಾವೀದನು ಬಹಳವಾಗಿ ಕೋಪಗೊಂಡು, ಅವನು ನಾಲ್ಕರಷ್ಟು ಹಿಂದಕ್ಕೆ ಕೊಡಬೇಕೆಂದು ತೀರ್ಪು ಹೇಳುತ್ತಾನೆ. ಆ ಮನುಷ್ಯನು ನೀನೇ ಎಂದು ನಾತಾನನು ಹೇಳುತ್ತಾನೆ. ದಾವೀದನ ಕೋಪ ಅಲ್ಲಿ ತಪ್ಪಾಗಿರಲಿಲ್ಲ. ನಾತಾನನು ಆ ಕೋಪವನ್ನು ಶಾಂತಮಾಡಲು ಹೋಗಲಿಲ್ಲ, ಅದು ತೀರ್ಪು ಹೇಳುವ ತನಕ ಬಿಟ್ಟು, ಆ ತೀರ್ಪನ್ನು ಹೇಳಿದವನ ಕಡೆಗೇ ತಿರುಗಿಸಿದನು. ಓದು ಮುಗಿದ ಮೇಲೆ ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ; ಕಡೆಗೆ ತಂಗಿಗೆ ಫೋನ್ ಮಾಡಿ ಎಂದರು.

ಆಮೇಲೆ ನಡೆದದ್ದು

ಸಹೋದರಿ ಪಾಲು ಬೇಡವೆಂದರು. "ನಿಮ್ಮಿಬ್ಬರ ನಡುವ ನಾ ಯಾಕ ಬರ್ಲಿ ಅಣ್ಣಾ, ತವರಮನಿ ಬಾಗಲಾ ತೆರದಿದ್ರ ಸಾಕು" ಎಂಬುದು ಆಕೆಯ ಮಾತು. ತವರು ಮುಚ್ಚಿಹೋದೀತೆಂಬ ಭಯಕ್ಕೆ ಹಕ್ಕು ಬಿಡುವುದನ್ನು ಔದಾರ್ಯವೆಂದು ಎಣಿಸಬಾರದೆಂದು ಸಭಾಪಾಲಕರ ಪತ್ನಿ ಆಕೆಯ ಹತ್ತಿರ ಎರಡು ಮೂರು ಸಲ ಮಾತಾಡಿದರು: ಮೊದಲು ಪಾಲು ನಿಮ್ಮ ಹೆಸರಿಗೆ ಬರಲಿ, ಆಮೇಲೆ ಕೊಡಬೇಕೆನಿಸಿದರೆ ಕೊಡಿ, ಆಗ ಅದು ಕೊಟ್ಟಂತಾಗುತ್ತದೆ ಎಂದು. ಸಹೋದರಿ ಒಪ್ಪಿದರು. ಜೊತೆಗೆ, ತಾಯಿ ತನ್ನ ಮುಂದೆಯೂ ತಮ್ಮನಿಗೆ ಕೊಡುವ ಮಾತು ಆಡಿದ್ದರೆಂದು ತಾವಾಗಿ ಹೇಳಿ, ತಮ್ಮನಿಗೆ ಐದು ಪಾಲಾಗುವುದಕ್ಕೆ ಸಮ್ಮತಿಸಿದರು. ತನಗೆ ನಷ್ಟವಾಗುವ ನಿಜವನ್ನು ಆಕೆ ಹೇಳಿದ ಮೇಲೆ ಅಣ್ಣನಿಗೆ ಮೂರು ಪಾಲಿಗೆ ಹಟ ಹಿಡಿಯುವುದು ಕಷ್ಟವಾಯಿತು. ಕೆಲವು ವಾರಗಳ ಬಳಿಕ ಅವರೂ ಎರಡಕ್ಕೆ ಒಪ್ಪಿ ನೋಟಿಸನ್ನು ಹಿಂದಕ್ಕೆ ತೆಗೆದುಕೊಂಡರು.

ಕಿರಿಯವರು ಮನೆಯನ್ನು ಇಟ್ಟುಕೊಂಡು ಉಳಿದಿಬ್ಬರ ಪಾಲಿನ ಬೆಲೆಯನ್ನು ಕಂತುಗಳಲ್ಲಿ ಕೊಡುವುದೆಂದು ನೋಂದಾಯಿತ ವಾಟ್ನಿ (ಪಾಲು ವಿಭಾಗದ) ಪತ್ರವಾಯಿತು. ಸುಳ್ಳು ಪ್ರಮಾಣಪತ್ರವನ್ನು ಅವರೇ ಅರ್ಜಿ ಕೊಟ್ಟು ರದ್ದು ಮಾಡಿಸಿದರು. ಅಂಗಡಿಯ ಮೇಲೆ ಸಾಲ ತೆಗೆದು ಮೊದಲ ಕಂತನ್ನು ಅಕ್ಕನಿಗೇ ಮುಟ್ಟಿಸಿದರು. ಅನ್ಯಾಯದಿಂದ ತೆಗೆದುಕೊಂಡದ್ದನ್ನು ಹಿಂದಕ್ಕೆ ಕೊಟ್ಟು ಅದಕ್ಕೆ ಐದನೆಯ ಒಂದು ಭಾಗ ಕೂಡಿಸಬೇಕೆಂದು ಅರಣ್ಯಕಾಂಡ ಹೇಳುತ್ತದೆ, ಲೂಕನ ಸುವಾರ್ತೆಯಲ್ಲಿ ಸುಂಕದವನಾದ ಜಕ್ಕಾಯನು ನಾಲ್ಕರಷ್ಟು ಕೊಡುತ್ತೇನೆಂದನು. ಇಲ್ಲಿ ಯಾರೂ ಹೆಚ್ಚಿಗೆ ಕೂಡಿಸಲಿಲ್ಲ, ಕಮಿಟಿಯೂ ಕೇಳಲಿಲ್ಲ.

ಎರಡು ಸಂಗತಿಗಳು ಬಗೆಹರಿಯದೆ ಉಳಿದಿವೆ. ಒಂಬತ್ತು ಪಾಲಿನ ಲೆಕ್ಕದಲ್ಲಿ ಕಿರಿಯವರ ಹೆಂಡತಿಯ ಐದು ವರ್ಷದ ದುಡಿತಕ್ಕೆ ಎಲ್ಲಿಯೂ ಜಾಗವಿಲ್ಲ. ವೈನಿಯಾಗಲಿ ನಾದಿನಿಯಾಗಲಿ ಆಕೆಗೆ ಒಂದು ಮಾತು ಹೇಳಿದ್ದನ್ನು ನಾನು ಕೇಳಿಲ್ಲ, ಕಮಿಟಿಯ ಠರಾವಿನಲ್ಲಿಯೂ ಆಕೆಯ ಉಲ್ಲೇಖವಿಲ್ಲ. ಆಕೆಗೆ ಸಿಟ್ಟಿದೆ, ಅದನ್ನು ಆಕೆ ಮುಚ್ಚಿಡುವುದೂ ಇಲ್ಲ. ಮುಂದಿನ ಕಂತುಗಳ ಮಾತು ಬಂದಾಗಲೆಲ್ಲ ಅದು ಹೊರಗೆ ಬರುತ್ತದೆ.

ಇನ್ನೊಂದು, ಅಂಗಳದಲ್ಲಿ ಆದ ಅವಮಾನ. ಅಣ್ಣ ಬೆಟಗೇರಿಯ ಮನೆಗೆ ಹೋಗಿ ತಮ್ಮನ ಕೈ ಹಿಡಿದು ತಪ್ಪಾಯಿತೆಂದರು. ಕಳ್ಳನೆಂದು ಎಲ್ಲರ ಎದುರಿಗೆ ಕರೆದದ್ದನ್ನು ಎಲ್ಲರ ಎದುರಿಗೇ ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ತಮ್ಮ ಕೇಳಿದಾಗ ಅಣ್ಣ ಒಪ್ಪಲಿಲ್ಲ. ಈಗ ಅವರು ತಮ್ಮ ಸದಸ್ಯತ್ವವನ್ನು ಹುಬ್ಬಳ್ಳಿಯ ಸಭೆಯೊಂದಕ್ಕೆ ವರ್ಗಾಯಿಸಬೇಕೆಂದು ಪತ್ರ ಬರೆದಿದ್ದಾರೆ. ಆ ಮಾತು ಮುಗಿಯುವ ತನಕ ಪತ್ರ ಕೊಡಬಾರದೆಂದು ಕಮಿಟಿಯಲ್ಲಿ ಇಬ್ಬರು ಹೇಳುತ್ತಾರೆ. ಪತ್ರವನ್ನು ತಡೆಹಿಡಿದು ಕ್ಷಮಾಪಣೆ ಹೇಳಿಸುವುದು ಮೊದಲ ಸಲ ಕೈಕುಲುಕಿಸಿದ್ದಕ್ಕಿಂತ ಹೆಚ್ಚೇನೂ ಆಗಲಾರದೆಂಬುದು ನನ್ನ ಅಭಿಪ್ರಾಯ. ಪತ್ರ ಕೊಡೋಣ, ಕೊಡುವ ದಿನ, ಕಾಣಿಕೆಯನ್ನು ಬಿಟ್ಟು ಹೋಗಬೇಕಾದವನು ಯಾರೆಂದು ಮತ್ತಾಯನಲ್ಲಿ ಹೇಳಿರುವುದನ್ನು ಅವರ ಎದುರಿಗೆ ಮತ್ತೊಮ್ಮೆ ಓದೋಣ, ಏಕೆಂದರೆ ಸಹೋದರನ ಮನಸ್ಸಿನಲ್ಲಿ ಈಗ ವಿರೋಧವಿರುವುದು ಅವರ ಮೇಲೆ. ಮುಂದಿನ ತಿಂಗಳ ಕಮಿಟಿಯಲ್ಲಿ ಈ ಅರ್ಜಿ ಚರ್ಚೆಗೆ ಬರುತ್ತದೆ.